ಲಿನಕ್ಸ್ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಯಾಕಿಲ್ಲ?

ತೀರ್ಥಹಳ್ಳಿಯಲ್ಲಿ ನಮ್ಮ ಭಾವನದ್ದು ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಅಡಿಕೆ ಸೊಸೈಟಿಯ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಇಂಥ ಕೆಲಸಗಳು. ಇರುವ ಮೂರು ಕಂಪ್ಯೂಟರ್‌ಗಳಲ್ಲಿ ಎರಡು ಹಳೆಯವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತಲ್ಲ, ಆಗ ನೋಡಿದರೆ ಆ ಎರಡಕ್ಕೂ ವಿಂಡೋಸ್ 11 ಹತ್ತುವುದಿಲ್ಲ. ಕಂಪ್ಯೂಟರ್ ಏನೋ ಗಟ್ಟಿಮುಟ್ಟಾಗಿಯೇ ಇದೆ, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ದೀಪಾವಳಿಗೆ ಊರಿಗೆ ಹೋದವನು ಪೆನ್ ಡ್ರೈವ್ ತೆಗೆದು ಒಂದಕ್ಕೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿದೆ, ಅದರಲ್ಲಿ ಮಿಂಟ್ ಅನ್ನುವ ಬಗೆ. ಕನ್ನಡ ಟೈಪಿಂಗ್‌ಗೆ ಕೆಜಿಪಿ ಕೀಲಿಮಣೆ ಹಾಕಿಕೊಟ್ಟೆ, ಪುಟ ಕಟ್ಟಲು ಸ್ಕ್ರೈಬಸ್ ಹಾಕಿದೆ. ಭಾವ ಕಾಫಿ ಲೋಟ ಹಿಡಿದುಕೊಂಡು ಹಿಂದೆ ನಿಂತು ನೋಡುತ್ತಿದ್ದರು.

"ಎಷ್ಟಾಯ್ತು ಇದಕ್ಕೆಲ್ಲ?"

"ಏನಿಲ್ಲ ಭಾವ. ದುಡ್ಡು ಕೊಡೋದೇನಿಲ್ಲ."

"ಅದು ಹೇಗೆ ಮಾರಾಯ? ಮಾಡಿದವರು ಊಟ ಮಾಡೋದಿಲ್ವಾ?"

ನಾನು ನಕ್ಕೆ. ಅವರು ನಗಲಿಲ್ಲ. "ಸರಿ, ನಾಳೆ ಮದುವೆ ಸೀಸನ್ ನಡುವೆ ಇದು ಕೈಕೊಟ್ರೆ ಯಾರಿಗೆ ಫೋನ್ ಮಾಡ್ಲಿ?"

"ನನಗೇ ಮಾಡಿ."

"ನೀನು ಬೆಂಗಳೂರಲ್ಲಿ ಮೀಟಿಂಗ್‌ನಲ್ಲಿ ಇರ್ತೀಯ."

ಲಿನಕ್ಸ್ ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗೆ ಬೆಲೆ ಇರಬೇಕೋ ಬೇಡವೋ ಅನ್ನುವ ಜಗಳ ಇಪ್ಪತ್ತೈದು ವರ್ಷಕ್ಕೂ ಹಳೆಯದು. ಅದರ ಬಗ್ಗೆ ಓದಿದ್ದೇನೆ, ಸುಮ್ನೆ ಇರಲಾರದೆ ಬಾಯಿ ಹಾಕಿ ಬೈಸಿಕೊಂಡೂ ಇದ್ದೇನೆ. ಆದರೆ ಇಷ್ಟು ವರ್ಷದಲ್ಲಿ ಭಾವನ ಎರಡು ಪ್ರಶ್ನೆಯಷ್ಟು ನೇರವಾಗಿ ಯಾರೂ ಕೇಳಿದ್ದು ನೆನಪಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮಾರಲಿ, ಧಾರಾಳವಾಗಿ ಮಾರಲಿ. ಆದರೆ ನಾನು ಮಾಡಿದ ಕೆಲಸದ ಬೀಗದಕೈ ಮಾರಿದವರ ಜೇಬಿನಲ್ಲಿ ಇರಬಾರದು.

ಈಗ ಯಾಕೆ ಈ ಮಾತು ಅಂದರೆ, ಹೊಸಬರು ಬರುತ್ತಿದ್ದಾರೆ. ಸ್ಟಾಟ್‌ಕೌಂಟರ್ ಲೆಕ್ಕದಲ್ಲಿ 2024ರ ಫೆಬ್ರವರಿಯಲ್ಲಿ ಜಗತ್ತಿನ ಡೆಸ್ಕ್‌ಟಾಪ್‌ಗಳಲ್ಲಿ ಲಿನಕ್ಸ್ ಪಾಲು ಶೇ. 4 ದಾಟಿತು, 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಶೇ. 5 ದಾಟಿತು. ಸಣ್ಣ ಸಂಖ್ಯೆಯೇ. ಆದರೆ ವರ್ಷಗಟ್ಟಲೆ ಶೇ. 1-2ರಲ್ಲೇ ಕೂತಿದ್ದನ್ನು ನೋಡಿದವರಿಗೆ ಇದು ಕಡಿಮೆಯಲ್ಲ. ಜೊತೆಗೆ ಈ ಹೊಸಬರು ನಮ್ಮ ಹಾಗೆ ಸಿದ್ಧಾಂತ ಓದಿಕೊಂಡು ಬಂದವರಲ್ಲ. ಮೊಬೈಲ್‌ನಲ್ಲಿ ಆ್ಯಪ್‌ಗೆ ತಿಂಗಳ ಚಂದಾ ಕಟ್ಟಿ ಅಭ್ಯಾಸ ಇರುವವರು. ಭಾವನಿಗೆ ದುಡ್ಡು ಕೊಡುವುದು ಸಮಸ್ಯೆಯೇ ಅಲ್ಲ. ದುಡ್ಡು ಕೊಡದೇ ಸಿಗುವುದೇ ಅವರಿಗೆ ಅನುಮಾನ.

ಈ ಗೊಂದಲದ ಅರ್ಧ ಭಾಗ ಇಂಗ್ಲಿಷ್ ಭಾಷೆಯದ್ದು. ಅವರಿಗೆ ಬಿಟ್ಟಿ ಅನ್ನುವುದಕ್ಕೂ ಸ್ವತಂತ್ರ ಅನ್ನುವುದಕ್ಕೂ 'ಫ್ರೀ' ಅನ್ನುವ ಒಂದೇ ಪದ. ನಮಗೆ ಉಚಿತ ಬೇರೆ, ಮುಕ್ತ ಬೇರೆ. ಹಾಗಿದ್ದೂ ನಾವು ಎರಡನ್ನೂ ಕಲಸಿಕೊಂಡು ಕೂತಿದ್ದೇವೆ. 1983ರಲ್ಲಿ ಗ್ನೂ ಅನ್ನುವ ಮುಕ್ತ ಸಾಫ್ಟ್‌ವೇರ್ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ಹೊಟ್ಟೆಪಾಡಿಗೆ ಏನು ಮಾಡಿದ್ದರು ಗೊತ್ತಾ? ಈಮ್ಯಾಕ್ಸ್ ಅನ್ನುವ ಎಡಿಟರನ್ನು ಟೇಪ್‌ಗೆ ತುಂಬಿ, ಟೇಪಿಗೆ 150 ಡಾಲರ್‌ನಂತೆ ಮಾರುತ್ತಿದ್ದರು. ಅವರು ಬರೆದ ಜಿಪಿಎಲ್ ಅನ್ನುವ ಪರವಾನಗಿಯೂ ಸಾಫ್ಟ್‌ವೇರ್ ಮಾರುವುದನ್ನು ಯಾವತ್ತೂ ತಡೆದಿಲ್ಲ. ಎಷ್ಟು ಬೇಕಾದರೂ ಬೆಲೆ ಇಡಬಹುದು. ಕೊಂಡವನಿಗೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಬರಹ, ಕೊಡಬೇಕು, ಅವನು ಅದನ್ನು ಇನ್ನೊಬ್ಬನಿಗೆ ಹಂಚಿದರೆ ಬೇಡ ಅನ್ನುವಂತಿಲ್ಲ, ಅಷ್ಟೇ. ದುಡ್ಡು ತೆಗೆದುಕೊಳ್ಳಬಾರದು ಅಂದವರು ಲಿನಸ್ ಟೊರ್ವಾಲ್ಡ್ಸ್! 1991ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಬಿಟ್ಟಾಗ ಅವರೇ ಬರೆದ ಪರವಾನಗಿಯಲ್ಲಿ ಹಂಚಲು ದುಡ್ಡು ಪಡೆಯುವಂತಿರಲಿಲ್ಲ. 1992ರಲ್ಲಿ ಅದನ್ನು ಬಿಟ್ಟು ಜಿಪಿಎಲ್‌ಗೆ ಬಂದರು. ಆಮೇಲೇ ಅಲ್ವಾ ಫ್ಲಾಪಿ, ಸಿಡಿ ಮಾರುವವರು ಹುಟ್ಟಿಕೊಂಡು ಲಿನಕ್ಸ್ ಊರೂರಿಗೆ ಹಬ್ಬಿದ್ದು.

ನಮ್ಮ ತಲೆಮಾರಿಗೆ ಬಿಟ್ಟಿಯ ಅಭ್ಯಾಸ ಹಿಡಿಸಿದ್ದು ಆ ಸಿಡಿಗಳೇ. ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಬರುತ್ತಿತ್ತು. ಆಮೇಲೆ ಉಬುಂಟು ಅನ್ನುವ ಲಿನಕ್ಸ್‌ನವರು ವಿಳಾಸ ಕೊಟ್ಟರೆ ಸಾಕು, ಅಂಚೆ ಖರ್ಚೂ ಅವರದ್ದೇ ಹಾಕಿಕೊಂಡು ಮನೆಗೆ ಸಿಡಿ ಕಳಿಸುತ್ತಿದ್ದರು. 2011ರವರೆಗೂ ಕಳಿಸಿದರು. ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬ ಹತ್ತು ಸಿಡಿ ತರಿಸಿಕೊಂಡು ನಾಲ್ಕನ್ನು ಗಾಡಿಯ ಹಿಂದೆ ರಿಫ್ಲೆಕ್ಟರ್ ಮಾಡಿಕೊಂಡಿದ್ದ. ಬಿಟ್ಟಿ ಸಿಕ್ಕಿದ್ದಕ್ಕೆ ನಾವು ಕೊಟ್ಟ ಮರ್ಯಾದೆ ಅದು.

ಕನ್ನಡದ ಸಾಫ್ಟ್‌ವೇರ್‌ಗಳ ಕಥೆ ನೋಡಿದರೆ ಉಚಿತಕ್ಕೂ ಮುಕ್ತಕ್ಕೂ ಇರುವ ದೂರ ಇನ್ನೂ ಚೆನ್ನಾಗಿ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರದ ಬೆಂಬಲದಿಂದ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು, ಹಲವು ವರ್ಷ ಉಚಿತವಾಗಿತ್ತು, ಆಮೇಲೆ ಬೆಲೆ ಬಂತು. ಎರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡೂ ವಿಂಡೋಸ್‌ನವು. ಬೇರೊಬ್ಬ ಎಂಜಿನಿಯರ್ ಅವುಗಳ ಕೋಡ್ ತೆಗೆದುಕೊಂಡು ಲಿನಕ್ಸ್‌ಗೆ ಹೊಂದಿಸಬಹುದು ಅನ್ನುವ ಹಾಗಿರಲಿಲ್ಲ. ಅದೇ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನೋಡಿ. ಅವರು ಅದಕ್ಕೆ ಹಕ್ಕು ಅಂತ ಕೂರಲಿಲ್ಲ. ಅದಕ್ಕೇ ಅದು ನುಡಿಯಲ್ಲೂ ಬಂತು, ಲಿನಕ್ಸ್‌ನಲ್ಲಿ ಕೆಜಿಪಿ ಅನ್ನುವ ಹೆಸರಿನಲ್ಲೂ ಬಂತು. ಭಾವ ಇಪ್ಪತ್ತು ವರ್ಷದಿಂದ ಕುಟ್ಟಿ ಅಭ್ಯಾಸವಾದ ಬೆರಳಲ್ಲೇ ಮೊದಲ ದಿನವೇ ಮಿಂಟ್‌ನಲ್ಲಿ ಟೈಪ್ ಮಾಡಿದರು.

ಸರಿ, ಮಾಡಿದವರು ಊಟ ಮಾಡೋದಿಲ್ವಾ ಅನ್ನುವ ಪ್ರಶ್ನೆಗೆ ಬರೋಣ. ಕೆಲವರು ಚೆನ್ನಾಗಿಯೇ ಮಾಡುತ್ತಾರೆ. ಲಿನಕ್ಸ್ ಕರ್ನಲ್ ಬರೆಯುವವರಲ್ಲಿ ಬಹುಪಾಲು ಜನ ಕಂಪನಿಗಳಲ್ಲಿ ಸಂಬಳಕ್ಕಿರುವ ಎಂಜಿನಿಯರ್‌ಗಳು. ಲಿನಕ್ಸ್ ವ್ಯಾಪಾರದ ರೆಡ್‌ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ 34 ಬಿಲಿಯನ್ ಡಾಲರ್‌ಗೆ ಕೊಂಡಿತು. ಅಂದರೆ ಮುಕ್ತ ಆಪರೇಟಿಂಗ್ ಸಿಸ್ಟಂ ಸುತ್ತ ವ್ಯಾಪಾರ ಇಲ್ಲ ಅನ್ನುವುದು ಶುದ್ಧ ಸುಳ್ಳು. ಆದರೆ ಆ ದುಡ್ಡು ಸರ್ವರ್‌ನದ್ದು. ಬ್ಯಾಂಕು, ಷೇರುಪೇಟೆ, ಟೆಲಿಕಾಂ ಕಂಪನಿಗಳು ಕೊಡುವ ದುಡ್ಡು. ಪತ್ರಿಕೆಯ ಪುಟ ಕಟ್ಟುವ, ಫೋಟೋ ತಿದ್ದುವ, ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಬರೆಯುವವನ ತನಕ ಅದು ಹರಿಯುವುದಿಲ್ಲ. ಮೇಲಿನ ಗದ್ದೆಗೆ ನೀರು ತುಂಬಿ ತುಳುಕುತ್ತದೆ, ಕೆಳಗಿನ ಗದ್ದೆಗೆ ತೂಬೇ ಇಲ್ಲ.

ಅದರ ಫಲ ಕಣ್ಣಿಗೆ ಕಾಣುತ್ತದೆ. ಫೋಟೋ ತಿದ್ದುವ ಗಿಂಪ್‌ನ 2.10 ಆವೃತ್ತಿ ಬಂದಿದ್ದು 2018ರಲ್ಲಿ. 3.0 ಬಂದಿದ್ದು 2025ರ ಮಾರ್ಚ್‌ನಲ್ಲಿ. ಏಳು ವರ್ಷ. ಮಾಡಿದವರನ್ನು ಬೈಯುವ ಬಾಯಿ ನನಗಿಲ್ಲ, ಬಿಡುವಿನ ಹೊತ್ತಲ್ಲಿ ಕೈತುಂಬ ಕೆಲಸ ಮಾಡುವ ಕೆಲವೇ ಜನ ಅವರು. ಆದರೆ ಅದಿಲ್ಲದೆ ಹೊಟ್ಟೆ ತುಂಬದ ಪ್ರೆಸ್‌ನವನು ಏಳು ವರ್ಷ ಕಾಯಲು ಆಗುತ್ತದಾ?

ಹಾಗಾದರೆ ಮಾರಿ ನೋಡಿಲ್ಲವಾ ಅಂದರೆ, ನೋಡಿದ್ದಾರೆ. 1998ರಲ್ಲಿ ಕೋರೆಲ್ ಕಂಪನಿ ಬರವಣಿಗೆಯ ಸಾಫ್ಟ್‌ವೇರ್ ವರ್ಡ್‌ಪರ್ಫೆಕ್ಟ್ 8 ಅನ್ನು ಲಿನಕ್ಸ್‌ಗೆ ತಂದಿತು, ಮರುವರ್ಷ ತನ್ನದೇ ಲಿನಕ್ಸ್ ಕೂಡ ಬಿಟ್ಟಿತು. ಆಗ ದೊಡ್ಡ ಸುದ್ದಿ. ಎರಡು-ಮೂರು ವರ್ಷದಲ್ಲಿ ಕೈತೊಳೆದುಕೊಂಡಿತು. ಅದೇ 1998ರಲ್ಲಿ ಅಮೆರಿಕದಲ್ಲಿ ಲೋಕಿ ಅನ್ನುವ ಕಂಪನಿ ಶುರುವಾಯಿತು, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ಗೆ ತಂದು ಪೆಟ್ಟಿಗೆಯಲ್ಲಿಟ್ಟು ಮಾರುವುದು ಅವರ ಕೆಲಸ. 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಸೋತರು ಅಂತ ಹೇಳಿ ಮುಂದೆ ಹೋಗಬಹುದು. ಆದರೆ ಆಮೇಲೆ ಏನು ಉಳಿಯಿತು ಅನ್ನುವುದನ್ನು ನೋಡಬೇಕು. ಲೋಕಿ ಮಾರಿದ ಗೇಮ್‌ಗಳ, ಕೋಡ್ ಮುಚ್ಚಿಟ್ಟ ಆವೃತ್ತಿಗಳು ಹಳತಾಗಿ ಮೂಲೆ ಸೇರಿದವು. ಲೋಕಿಯ ಸ್ಯಾಮ್ ಲಾಂಟಿಂಗ ಬರೆದ ಎಸ್‌ಡಿಎಲ್ ಅನ್ನುವ ಲೈಬ್ರರಿ ಮುಕ್ತವಾಗಿತ್ತು, ಅದು ಇವತ್ತಿಗೂ ಅಸಂಖ್ಯಾತ ಗೇಮ್‌ಗಳ ಹೊಟ್ಟೆಯಲ್ಲಿದೆ. ವರ್ಡ್‌ಪರ್ಫೆಕ್ಟ್ 8 ಅನ್ನು ಇವತ್ತಿನ ಲಿನಕ್ಸ್‌ನಲ್ಲಿ ಓಡಿಸಬೇಕಾದರೆ ಹರಸಾಹಸ ಪಡಬೇಕು. ಅದೇ ಕಾಲದ ಸ್ಟಾರ್‌ಆಫೀಸ್ ಅನ್ನುವ ಕಚೇರಿ ಸಾಫ್ಟ್‌ವೇರನ್ನು ಸನ್ ಕಂಪನಿ 1999ರಲ್ಲಿ ಕೊಂಡು, 2000ದಲ್ಲಿ ಕೋಡ್ ತೆರೆದಿಟ್ಟಿತು. ಅದು ಓಪನ್‌ಆಫೀಸ್ ಆಯಿತು, 2010ರಲ್ಲಿ ಕವಲೊಡೆದು ಲಿಬ್ರೆಆಫೀಸ್ ಆಯಿತು, ನಾನು ಇದನ್ನು ಬರೆಯುತ್ತಿರುವುದು ಅದರಲ್ಲೇ. ಎರಡೂ ಕಡೆ ಇದ್ದದ್ದು ವ್ಯಾಪಾರದ ಕಂಪನಿಗಳೇ. ಕೋಡ್ ತೆರೆದಿಟ್ಟವರ ಕೆಲಸ ಕಂಪನಿ ಹೋದರೂ ಉಳಿಯಿತು.

ಮಾರಾಟ ಯಾಕೆ ಕುದುರಲಿಲ್ಲ ಅಂದರೆ, ಲಿನಕ್ಸ್ ಬಳಸುವವರು ಜುಗ್ಗರು ಅಂತ ಒಂದು ಸಿದ್ಧ ಉತ್ತರ ಇದೆ. ಅರ್ಧ ನಿಜ ಇರಬಹುದು. ನನ್ನ ಪ್ರಕಾರ ದೊಡ್ಡ ಕಾರಣ ಬೇರೆ. ವಿಂಡೋಸ್‌ಗೆ ಒಂದು ಸಲ ಮಾಡಿದ ಪ್ರೋಗ್ರಾಂ ಹತ್ತು ವರ್ಷ ಓಡುತ್ತದೆ. ಲಿನಕ್ಸ್‌ನಲ್ಲಿ ಉಬುಂಟು, ಫೆಡೋರಾ, ಡೆಬಿಯನ್, ಆರ್ಚ್ ಅಂತ ಹಲವು ಬಗೆ (ಇವನ್ನೇ ಡಿಸ್ಟ್ರೋ ಅನ್ನುವುದು), ಎಲ್ಲದರ ಪ್ಯಾಕೇಜ್ ಬೇರೆ, ಒಳಗಿನ ಲೈಬ್ರರಿಗಳ ಆವೃತ್ತಿ ಬೇರೆ, ಆರು ತಿಂಗಳಿಗೊಮ್ಮೆ ಎಲ್ಲ ಅಲುಗಾಡುತ್ತದೆ. ಇದನ್ನು ಬಾಯಿಬಿಟ್ಟು ಹೇಳಿದವರು ಸ್ವತಃ ಟೊರ್ವಾಲ್ಡ್ಸ್. ಅವರು ಸ್ಕೂಬಾ ಡೈವಿಂಗ್ ಲೆಕ್ಕ ಇಡಲು ಸಬ್‌ಸರ್ಫೇಸ್ ಅನ್ನುವ ಡೆಸ್ಕ್‌ಟಾಪ್ ಪ್ರೋಗ್ರಾಂ ಶುರು ಮಾಡಿದ್ದರು. 2014ರ ಡೆಬ್‌ಕಾನ್ಫ್ ಸಮ್ಮೇಳನದಲ್ಲಿ ಡೆಬಿಯನ್‌ನವರ ಎದುರೇ ಕೂತು, ವಿಂಡೋಸ್‌ಗೂ ಮ್ಯಾಕ್‌ಗೂ ರೆಡಿ ಪ್ಯಾಕೇಜ್ ಕೊಡುತ್ತೇವೆ, ಲಿನಕ್ಸ್‌ಗೆ ಕೊಡುವುದೇ ದೊಡ್ಡ ತಲೆನೋವು ಅಂತ ದೂರಿದರು. ಲಿನಕ್ಸ್ ಹುಟ್ಟಿಸಿದವರಿಗೇ ಈ ಗತಿಯಾದರೆ ನಾಲ್ಕು ಜನರ ಸಣ್ಣ ಕಂಪನಿ ಏನು ಮಾಡಬೇಕು? ನೂರು ಜನ ಕೊಂಡರೆ ನೂರು ಥರದ ದೂರು ಬರುತ್ತದೆ. ಮಾರಿ ಬಂದ ದುಡ್ಡು ಆ ದೂರಿಗೆ ಉತ್ತರ ಬರೆಯುವುದಕ್ಕೇ ಖರ್ಚು. ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್ ಬಂದ ಮೇಲೆ ಈ ಪಾಡು ಸಾಕಷ್ಟು ಕಡಿಮೆಯಾಗಿದೆ, ಒಂದೇ ಪ್ಯಾಕೇಜ್ ಎಲ್ಲ ಕಡೆ ಓಡುತ್ತದೆ.

ಇನ್ನೊಂದು ಕಾರಣ ಗಲ್ಲಾಪೆಟ್ಟಿಗೆ. ಅಂಗಡಿಯಲ್ಲಿ ಎಲ್ಲ ಸಾಮಾನು ಜೋಡಿಸಿಟ್ಟಿದ್ದಾರೆ, ದುಡ್ಡು ಕೊಡೋಣ ಅಂದರೆ ಗಲ್ಲಾದ ಮೇಲೆ ಯಾರೂ ಕೂತಿಲ್ಲ! ಉಬುಂಟು 2010ರಲ್ಲಿ ತನ್ನ ಸಾಫ್ಟ್‌ವೇರ್ ಸೆಂಟರ್‌ನಲ್ಲಿ ದುಡ್ಡಿನ ಆ್ಯಪ್ ಇಟ್ಟಿತು, ಮೊದಲು ಬಂದದ್ದು ಫ್ಲುಯೆಂಡೋ ಕಂಪನಿಯ ಡಿವಿಡಿ ಪ್ಲೇಯರ್. ಕೆಲವು ವರ್ಷಕ್ಕೆ ಆ ಅಂಗಡಿ ಮುಚ್ಚಿತು. ಎಲಿಮೆಂಟರಿ ಓಎಸ್ ಅನ್ನುವ ಇನ್ನೊಂದು ಲಿನಕ್ಸ್‌ನವರು 2017ರಲ್ಲಿ ಜನರಿಂದಲೇ ದುಡ್ಡು ಎತ್ತಿ, 'ಎಷ್ಟಾದರೂ ಕೊಡಿ' ಅನ್ನುವ ಆ್ಯಪ್‌ಸೆಂಟರ್ ಕಟ್ಟಿದರು. ಒಳ್ಳೆಯ ಪ್ರಯತ್ನ, ಆದರೆ ಅವರ ಊರೇ ಚಿಕ್ಕದು. ಈಗ ಎಲ್ಲರ ಕಣ್ಣು ಫ್ಲಾಟ್‌ಪ್ಯಾಕ್ ಆ್ಯಪ್‌ಗಳು ಸಿಗುವ ಫ್ಲಾಟ್‌ಹಬ್ ಮೇಲೆ. ಪಾವತಿ ವ್ಯವಸ್ಥೆ ತರುವ ಯೋಜನೆಯನ್ನು ಅವರು 2023ರಲ್ಲಿ ಮುಂದಿಟ್ಟರು. ಕೋಡ್ ಬರೆಯುವುದು ಅದರಲ್ಲಿ ಸುಲಭದ ಭಾಗ. ಹತ್ತಾರು ದೇಶದ ತೆರಿಗೆ, ವಾಪಸಾತಿ, ಮೋಸ ಮಾಡುವವರು, ಬೇರೆಯವರ ಆ್ಯಪ್ ತನ್ನದೆಂದು ಮಾರುವವರು, ಇವನ್ನೆಲ್ಲ ಸಂಭಾಳಿಸಲು ಲಾಯರ್ ಬೇಕು, ಅಕೌಂಟೆಂಟ್ ಬೇಕು.

ಗಲ್ಲಾಪೆಟ್ಟಿಗೆ ಇದ್ದರೆ ಜನ ಕೊಡುತ್ತಾರೆ ಅನ್ನುವುದಕ್ಕೆ ಒಂದು ತಮಾಷೆಯ ಸಾಕ್ಷಿ ಇದೆ. ಚಿತ್ರ ಬಿಡಿಸುವ ಕ್ರಿತ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡುವ ಕೆಡಿಇ ಬಳಗದಲ್ಲಿ ಹುಟ್ಟಿ ಬೆಳೆದ ಕೂಸು. ಅದರ ಸೈಟಿಗೆ ಹೋದರೆ ಯಾರಿಗೆ ಬೇಕಾದರೂ ಉಚಿತ. ಅದೇ ಕ್ರಿತ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ದುಡ್ಡಿಗೆ ಸಿಗುತ್ತದೆ. ಜನ ಅಲ್ಲಿ ಕೊಳ್ಳುತ್ತಾರೆ, ಆ ದುಡ್ಡಿನಲ್ಲಿ ಪ್ರೋಗ್ರಾಮರ್‌ಗಳ ಸಂಬಳ ಆಗುತ್ತದೆ. ಲಿಬ್ರೆಆಫೀಸ್ ಕೂಡ 2022ರಿಂದ ಆಪಲ್ ಸ್ಟೋರ್‌ನಲ್ಲಿ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಒಂದಿಷ್ಟು ಬೆಲೆಗೆ ಇದೆ. ಅಂದರೆ ಲಿನಕ್ಸ್ ಲೋಕದ ಸಾಫ್ಟ್‌ವೇರ್‌ಗೆ ವಿಂಡೋಸ್‌ನವರು, ಮ್ಯಾಕ್‌ನವರು ದುಡ್ಡು ಕೊಡುತ್ತಿದ್ದಾರೆ, ನಾವು ಲಿನಕ್ಸ್‌ನವರು ಬಿಟ್ಟಿ ಬಳಸುತ್ತಿದ್ದೇವೆ. ಪಕ್ಕದೂರಿನವರು ನಮ್ಮೂರ ತೇರಿಗೆ ವಂತಿಗೆ ಹಾಕಿದ ಹಾಗೆ. ಅವರು ನಮಗಿಂತ ಉದಾರಿಗಳೇನಲ್ಲ. ಅಲ್ಲಿ ಒಂದು ಬಟನ್ ಇದೆ, ಒತ್ತಿದರೆ ದುಡ್ಡು ಹೋಗುತ್ತದೆ, ಅಪ್‌ಡೇಟ್ ತಾನೇ ಬರುತ್ತದೆ. ಅವರು ಕೊಂಡದ್ದು ಆ ನೆಮ್ಮದಿಯನ್ನು.

ಇದೇ ನೆಮ್ಮದಿಯನ್ನು ಲಿನಕ್ಸ್‌ನವರಿಗೂ ಮಾರಿ ತೋರಿಸಿದವರು ಆರ್ಡೋರ್‌ನ ಪಾಲ್ ಡೇವಿಸ್. ಅಮೆಜಾನ್ ಕಂಪನಿಯ ಮೊಟ್ಟಮೊದಲ ಇಬ್ಬರು ಪ್ರೋಗ್ರಾಮರ್‌ಗಳಲ್ಲಿ ಒಬ್ಬರು ಇವರು. ಆರ್ಡೋರ್ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಪ್ರೋಗ್ರಾಂ, ಜಿಪಿಎಲ್‌ನದ್ದು, ಕೋಡ್ ಪೂರ್ತಿ ಬಯಲಲ್ಲಿದೆ. ಆ ಕೋಡನ್ನು ಕಂಪೈಲ್ ಮಾಡಿ, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಳ್ಳುವ ತಾಳ್ಮೆ ಇದ್ದರೆ ಒಂದು ಪೈಸೆ ಬೇಡ. ರೆಡಿ ಮಾಡಿದ ಪ್ಯಾಕೇಜ್ ಬೇಕಾ, ದುಡ್ಡು ಕೊಡಿ. ಎಷ್ಟು ಅನ್ನುವುದು ನಿಮಗೆ ಬಿಟ್ಟಿದ್ದು. ಸುಮ್ನೆ ನೋಡಲು ಕೊಡುವ ಆವೃತ್ತಿ ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲಿಸಿಬಿಡುತ್ತದೆ. ಡಿಸ್ಟ್ರೋಗಳು ಅದೇ ಕೋಡ್ ಪ್ಯಾಕ್ ಮಾಡಿ ಬಿಟ್ಟಿ ಕೊಡುತ್ತವೆ, ಯಾರೂ ತಡೆಯುವಂತಿಲ್ಲ, ಅವರೂ ತಡೆಯಲು ಹೋಗಿಲ್ಲ. ಆದರೂ ಜನ ಕೊಳ್ಳುತ್ತಾರೆ. ಯಾಕೆಂದರೆ ನಾಳೆ ಸ್ಟುಡಿಯೋದಲ್ಲಿ ಗಾಯಕರು ಬಂದು ಕೂತಾಗ ಯಾವ ಆವೃತ್ತಿ ಸರಿಯಾಗಿ ಓಡುತ್ತದೆ ಅನ್ನುವುದು ಮಾಡಿದವನಿಗೆ ಗೊತ್ತಿರುತ್ತದೆ. ದೋಸೆ ಹಿಟ್ಟು ಮನೆಯಲ್ಲೇ ರುಬ್ಬಬಹುದು, ಯಾರಿಗೆ ಗೊತ್ತಿಲ್ಲ? ಆದರೂ ಸಂಜೆ ಹೊತ್ತಿಗೆ ಅಂಗಡಿಯ ಹಿಟ್ಟಿನ ಪ್ಯಾಕೆಟ್ ಖಾಲಿಯಾಗಿರುತ್ತದೆ.

ಈ ದಾರಿಗೆ ಬೆನ್ನು ತಿರುಗಿಸಿದವರೂ ಇದ್ದಾರೆ. ಪಿಕ್ಸೆಲ್ ಚಿತ್ರ ಮಾಡುವ ಏಸ್‌ಪ್ರೈಟ್ ಮೊದಲು ಜಿಪಿಎಲ್‌ನಲ್ಲಿತ್ತು. 2016ರಲ್ಲಿ ಪರವಾನಗಿ ಬದಲಿಸಿದರು. ಕೋಡ್ ಈಗಲೂ ನೋಡಬಹುದು, ನಿಮಗಾಗಿ ಕಂಪೈಲ್ ಮಾಡಿಕೊಳ್ಳಬಹುದು, ಹಂಚುವಂತಿಲ್ಲ. ಹಳೆಯ ಕೋಡ್ ಹಿಡಿದುಕೊಂಡು ಲಿಬ್ರೆಸ್ಪ್ರೈಟ್ ಅನ್ನುವ ಕವಲು ಶುರುವಾಯಿತು. ಏಸ್‌ಪ್ರೈಟ್ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ದುಡಿಮೆಯನ್ನು ಬೇರೆಯವನು ಪಕ್ಕದಲ್ಲೇ ಬಿಟ್ಟಿ ಹಂಚುತ್ತಿದ್ದರೆ ಎಷ್ಟು ದಿನ ನಗುನಗುತ್ತಾ ನೋಡಲಾಗುತ್ತದೆ?

ಇನ್ನು ಪೂರ್ತಿ ಮುಚ್ಚಿದ, ದುಬಾರಿ ಸಾಫ್ಟ್‌ವೇರ್‌ಗಳು. ಲಿನಕ್ಸ್‌ನಲ್ಲಿ ಅವು ಇಲ್ಲ ಅಂದುಕೊಂಡವರು ಸಿನಿಮಾ ಸ್ಟುಡಿಯೋ ನೋಡಿಲ್ಲ. ಸಿನಿಮಾ ಗ್ರಾಫಿಕ್ಸ್ ಮಾಡುವ ಮಾಯಾ, ಹೂಡಿನಿ, ನ್ಯೂಕ್ ಎಲ್ಲ ಲಿನಕ್ಸ್‌ನಲ್ಲಿ ವರ್ಷಗಳಿಂದ ಓಡುತ್ತಿವೆ. ವಿಡಿಯೋ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್ ಕೂಡ ಇದೆ. ಅದರ ಉಚಿತ ಆವೃತ್ತಿಗೆ ಲಿನಕ್ಸ್‌ನಲ್ಲಿ ಎಚ್264 ವಿಡಿಯೋ ಓದಲು ಬರುವುದಿಲ್ಲ, ಅಂದರೆ ಮೊಬೈಲ್‌ನಲ್ಲಿ ತೆಗೆದ ಮಾಮೂಲಿ ವಿಡಿಯೋ ನೇರ ತೆರೆಯುವುದಿಲ್ಲ. 295 ಡಾಲರ್‌ನ ಸ್ಟುಡಿಯೋ ಆವೃತ್ತಿ ಕೊಂಡರೆ ತೆರೆಯುತ್ತದೆ. ಇಂಥ ವಿಡಿಯೋ ತಂತ್ರಗಳಿಗೆ ಪೇಟೆಂಟ್ ಇರುತ್ತದೆ, ಯಾರಾದರೂ ಅದಕ್ಕೆ ಕಟ್ಟಬೇಕು. ಉಬುಂಟುವಿನಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಡಿವಿಡಿ ಪ್ಲೇಯರ್ ಅಂದೆನಲ್ಲ, ಅದರ ಹಿಂದೆಯೂ ಇದ್ದದ್ದು ಇದೇ ಪರವಾನಗಿ ಲೆಕ್ಕ. ಇಂಥ ಜಾಗದಲ್ಲಿ ಮುಕ್ತ, ಅಮುಕ್ತ ಅಂತ ವಾದ ಮಾಡುವುದಕ್ಕಿಂತ ಬಿಲ್ ಕಟ್ಟುವುದೇ ದಾರಿ.

ಆದರೆ ಮುಚ್ಚಿದ ಸಾಫ್ಟ್‌ವೇರ್ ಅಂದಾಗ ನನಗೆ ನೆನಪಾಗುವುದು ರಿಸಾಲ್ವ್ ಅಲ್ಲ, ಭಾವನ ಡಾಂಗಲ್. ಹೆಬ್ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ತುಂಡು. ಅದನ್ನು ಕಂಪ್ಯೂಟರ್‌ನ ಹಿಂದೆ ಸಿಕ್ಕಿಸಿದರೆ ಮಾತ್ರ ಅವರ ಹಳೆಯ ಕನ್ನಡ ಡಿಟಿಪಿ ಸಾಫ್ಟ್‌ವೇರ್ ತೆರೆದುಕೊಳ್ಳುತ್ತಿತ್ತು. ಯಾವುದು ಅಂತ ಹೆಸರು ಹೇಳುವುದಿಲ್ಲ. ಒಂದು ಮಳೆಗಾಲ ಪ್ರೆಸ್ಸಿಗೆ ನೀರು ನುಗ್ಗಿ, ಎಲ್ಲ ಎತ್ತಿಟ್ಟು ಗುಡಿಸುವ ಗಡಿಬಿಡಿಯಲ್ಲಿ ಅದು ಕಸದ ಜೊತೆ ಹೋಯಿತು. ಹೊಸದು ಬೇಕಾದರೆ ಸಾಫ್ಟ್‌ವೇರ್ ಪೂರ್ತಿ ಹೊಸದಾಗಿ ಕೊಳ್ಳಿ ಅಂದರು. ಅವರ ಹತ್ತಿರ ಬಿಲ್ ಇತ್ತು, ಸಿಡಿ ಇತ್ತು, ಹನ್ನೆರಡು ವರ್ಷದ ಕಡತಗಳಿದ್ದವು. ಊರಿನ ದೇವಸ್ಥಾನದ ನೂರು ವರ್ಷದ ಸ್ಮರಣ ಸಂಚಿಕೆಯೂ ಅದರಲ್ಲೇ. ನಾನು ಆ ಕಡತವನ್ನು ಬೇರೆ ಕಡೆ ತೆರೆದು ನೋಡಿದೆ. ಕನ್ನಡದ ಜಾಗದಲ್ಲಿ ಪೌಂಡ್ ಗುರುತು, ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ, ಅರ್ಧ ಪ್ರಶ್ನಾರ್ಥಕ ಚಿಹ್ನೆ, ಹೀಗೆ ಪುಟಗಟ್ಟಲೆ. ಪರಿವರ್ತಕದಲ್ಲಿ ಹಾಕಿದರೆ ಒತ್ತಕ್ಷರ ಎಲ್ಲೋ, ಅರ್ಕಾವೊತ್ತು ಎಲ್ಲೋ. ಧರ್ಮದರ್ಶಿಗಳ ಹೆಸರುಗಳೇ ಗುರುತು ಸಿಗದಂತಾಗಿದ್ದವು. ಕೊನೆಗೆ ಅಚ್ಚಾದ ಪುಸ್ತಕ ಮುಂದಿಟ್ಟುಕೊಂಡು ನೂರಾ ಅರವತ್ತು ಪುಟ ಮತ್ತೆ ಟೈಪ್ ಮಾಡಿಸಿದರು.

ಭಾವ ದುಡ್ಡು ಕೊಟ್ಟಿದ್ದರು, ನೆನಪಿರಲಿ. ಬೆಲೆ ಇದ್ದದ್ದು ಅಲ್ಲಿ ತಪ್ಪಲ್ಲ. ಅವರ ಪ್ರೆಸ್ಸಿನ ಹನ್ನೆರಡು ವರ್ಷದ ದುಡಿಮೆ ಬೇರೊಬ್ಬರ ಪ್ಲಾಸ್ಟಿಕ್ ತುಂಡಿನ ಮರ್ಜಿಯಲ್ಲಿ ಇದ್ದದ್ದು ತಪ್ಪು. ಹಾಗಾಗಿ ಲಿನಕ್ಸ್‌ಗೆ ದುಡ್ಡಿನ ಸಾಫ್ಟ್‌ವೇರ್ ಬರಲಿ ಅನ್ನುವಾಗ ನಾನು ಕೇಳುವುದು ಇಷ್ಟು: ಕಂಪನಿ ಮುಚ್ಚಿದ ಮಾರನೇ ದಿನ ನನ್ನ ಕಡತ ತೆರೆಯುತ್ತದಾ? ತೆರೆಯುತ್ತದೆ ಅಂದರೆ ಬೆಲೆ ಹೇಳಿ.

ಮುಚ್ಚಿದ್ದನ್ನು ಜನ ದುಡ್ಡು ಕೊಟ್ಟು ಬಿಡಿಸಿಕೊಂಡದ್ದೂ ಉಂಟು. ಅನಿಮೇಷನ್ ಮಾಡುವ ಬ್ಲೆಂಡರ್ ಮೊದಲು ನೆದರ್ಲೆಂಡ್ಸ್‌ನ ಎನ್‌ಎಎನ್ ಅನ್ನುವ ಕಂಪನಿಯ ಸರಕು. 2002ರಲ್ಲಿ ಕಂಪನಿ ಮುಳುಗಿತು. ಹಣ ಹೂಡಿದವರು 1 ಲಕ್ಷ ಯೂರೋ ಕೊಟ್ಟರೆ ಕೋಡ್ ಬಿಡುತ್ತೇವೆ ಅಂದರು. ಅದನ್ನು ಶುರು ಮಾಡಿದ್ದ ಟಾನ್ ರೂಸೆಂಡಾಲ್ ಬಳಕೆದಾರರ ಮುಂದೆ ಜೋಳಿಗೆ ಹಿಡಿದರು. ಏಳು ವಾರದಲ್ಲಿ ದುಡ್ಡು ಸೇರಿತು. ಇವತ್ತು ಅದು ಎಲ್ಲಿದೆ ಅಂತ ಅನಿಮೇಷನ್ ಮಾಡುವ ಯಾರನ್ನಾದರೂ ಕೇಳಿ.

ಜೋಳಿಗೆ ಹಿಡಿಯುವುದರಲ್ಲೂ ಒಂದು ಕಲೆ ಇದೆ ಅನ್ನಿ. ಥಂಡರ್‌ಬರ್ಡ್‌ನವರು ಇಮೇಲ್ ಆ್ಯಪ್ ಒಳಗೇ ನೇರವಾಗಿ ಕೇಳಲು ಶುರು ಮಾಡಿದರು. 2022ರಲ್ಲಿ 64 ಲಕ್ಷ ಡಾಲರ್ ಬಂತು. ಕೆಡಿಇಯವರು 2024ರಲ್ಲಿ ತಮ್ಮ ಡೆಸ್ಕ್‌ಟಾಪ್ ಪ್ಲಾಸ್ಮಾ 6.2 ಬಿಟ್ಟಾಗ ವರ್ಷಕ್ಕೆ ಒಂದೇ ಒಂದು ಸಲ ದೇಣಿಗೆ ಕೇಳುವ ಸಣ್ಣ ಚೀಟಿ ತೋರಿಸುವ ಏರ್ಪಾಡು ಮಾಡಿದರು. ಲಿನಕ್ಸ್‌ನಲ್ಲಿ ಜಾಹೀರಾತಾ ಅಂತ ಕೆಲವರು ಕೂಗಾಡಿದರು. ಆ ಡಿಸೆಂಬರ್‌ನಲ್ಲಿ ದೇಣಿಗೆ ಜೋರಾಗಿ ಏರಿತು. ಕೇಳದೇ ಅಮ್ಮನೂ ಬಡಿಸುವುದಿಲ್ಲ ಅಂತಾರಲ್ಲ ಹಾಗೆ. ನಮ್ಮ ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಮುಕ್ತ ಸಾಫ್ಟ್‌ವೇರ್‌ಗೆ ದುಡ್ಡು ಕೊಡಲು ಫ್ಲಾಸ್ ಫಂಡ್ ಅಂತ ಶುರು ಮಾಡಿತು, ವರ್ಷಕ್ಕೆ 10 ಲಕ್ಷ ಡಾಲರ್, ಒಂದೊಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್ ತನಕ. ಮುಕ್ತ ಸಾಫ್ಟ್‌ವೇರ್ ಮೇಲೆ ಕಂಪನಿ ಕಟ್ಟಿದವರು ಋಣ ತೀರಿಸುವ ಕ್ರಮ ಇದು, ಮೆಚ್ಚಬೇಕಾದ್ದೇ. ಇನ್ನೂ ಹತ್ತು ಕಂಪನಿ ಹೀಗೆ ಮಾಡಲಿ.

ಆದರೆ ದೇಣಿಗೆ ಯಾವುದೂ ಭಾವನ ಎರಡನೇ ಪ್ರಶ್ನೆಗೆ ಉತ್ತರವಲ್ಲ. ಯಾರಿಗೆ ಫೋನ್ ಮಾಡ್ಲಿ? ದೇಣಿಗೆ ಪಡೆದವನು ಫೋನ್ ಎತ್ತಬೇಕು ಅಂತ ಎಲ್ಲೂ ಇಲ್ಲ. ಸ್ಕ್ರೈಬಸ್ ಈಗ ಕನ್ನಡದ ಒತ್ತಕ್ಷರ ಸರಿಯಾಗಿ ಜೋಡಿಸುತ್ತದೆ, 2024ರ ಜನವರಿಯಲ್ಲಿ ಬಂದ 1.6ರಲ್ಲಿ ಅದು ಸ್ಥಿರವಾಗಿ ಸಿಕ್ಕಿತು. ಅಚ್ಚಿನ ನಾಲ್ಕು ಬಣ್ಣದ ಲೆಕ್ಕದ ಸಿಎಂವೈಕೆ ಪಿಡಿಎಫ್ ಕೊಡುತ್ತದೆ, ಆಫ್‌ಸೆಟ್‌ನ ಪ್ಲೇಟ್‌ಗೆ ಅದೇ ಬೇಕು. ತಂತ್ರದ ಮಟ್ಟಿಗೆ, ಪುಟ ಕಟ್ಟುವ ಹಳೆಯ ಪೇಜ್‌ಮೇಕರ್ ಬಿಟ್ಟು ಬರಲು ಈಗ ಅಡ್ಡಿ ಕಡಿಮೆ. ಅಡ್ಡಿ ಇರುವುದು ಬೇರೆ ಕಡೆ. ಶಿವಮೊಗ್ಗದಲ್ಲಿ ಕೂತು, ಸುತ್ತಲಿನ ಐವತ್ತು ಪ್ರೆಸ್‌ಗಳಿಗೆ ಸ್ಕ್ರೈಬಸ್, ಚಿತ್ರವಿನ್ಯಾಸದ ಇಂಕ್‌ಸ್ಕೇಪ್ ಹಾಕಿಕೊಟ್ಟು, ಹಳೆಯ ಕಡತಗಳನ್ನು ಎಲ್ಲ ಕಡೆ ತೆರೆಯುವ ಯೂನಿಕೋಡ್‌ಗೆ ತಿರುಗಿಸಿಕೊಟ್ಟು, ಸೀಸನ್‌ನಲ್ಲಿ ರಾತ್ರಿ ಹತ್ತಕ್ಕೂ ಫೋನ್ ಎತ್ತುವ ಒಬ್ಬ ಹುಡುಗ ಬೇಕು. ಭಾವ ಅಂಥವನಿಗೆ ವರ್ಷಕ್ಕೆ ಮೂರು ಸಾವಿರ ಕೊಡಲು ತಯಾರು, ನಾನೇ ಕೇಳಿದ್ದೇನೆ. ಐವತ್ತು ಪ್ರೆಸ್ ಅಂದರೆ ಒಂದೂವರೆ ಲಕ್ಷ. ಒಬ್ಬನ ಹೊಟ್ಟೆಪಾಡಿಗೆ ಸಾಲದು, ಜೊತೆಗೆ ಇನ್ನೊಂದು ಕೆಲಸ ಇದ್ದರೆ ಆದೀತು. ಇದೂ ವ್ಯಾಪಾರವೇ ತಾನೇ?

ಹೋದ ತಿಂಗಳು ಭಾವ ಸ್ಕ್ರೈಬಸ್‌ನಲ್ಲೇ ಮೊದಲ ಲಗ್ನಪತ್ರಿಕೆ ಮುಗಿಸಿದರು. ಕುಂಕುಮದ ಬಣ್ಣ ಸ್ವಲ್ಪ ಜಾಸ್ತಿ ಗಾಢ ಬಂದಿತ್ತು, ಉಳಿದದ್ದೆಲ್ಲ ಸರಿ. ಸಂಜೆ ಫೋನ್‌ಪೇಯಲ್ಲಿ ನನಗೆ ಐನೂರು ರೂಪಾಯಿ ಕಳಿಸಿ, "ಅದನ್ನ ಮಾಡಿದವರಿಗೆ ಮುಟ್ಟಿಸು, ಋಣ ಬೇಡ" ಅಂದರು. ಸೈಟು ತೆರೆದು ಕೂತೆ. ಯುಪಿಐ ಇಲ್ಲ. ಬೀದಿ ಬದಿ ಟೀ ಅಂಗಡಿಯವನಿಗೆ ಹತ್ತು ರೂಪಾಯಿ ಕಳಿಸುವಷ್ಟು ಸಲೀಸಾಗಿ ಯುರೋಪಿನ ಪ್ರೋಗ್ರಾಮರ್‌ಗೆ ಕಳಿಸಲು ಬರುವುದಿಲ್ಲ. ಕಾರ್ಡ್ ಹಾಕಿದರೆ ವ್ಯವಹಾರ ವಿಫಲ. 2020ರ ಆರ್‌ಬಿಐ ನಿಯಮದಿಂದಾಗಿ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಇರುತ್ತದೆ, ನಾವೇ ಆನ್ ಮಾಡಬೇಕು. ಆನ್ ಮಾಡಿದೆ, ಒಟಿಪಿ ಬರಲಿಲ್ಲ. ಮಾರನೇ ದಿನ ನೋಡೋಣ ಅಂತ ಬಿಟ್ಟೆ.

ಭಾವ ಪ್ರತಿ ಭಾನುವಾರ ಕೇಳುತ್ತಾರೆ, "ಮುಟ್ತಾ?" ಅಂತ. ಐನೂರು ಇನ್ನೂ ನನ್ನ ಖಾತೆಯಲ್ಲೇ ಇದೆ.